ಕಡತದ ಕನ್ನಡ

ವಿನೋಬನಗರದಲ್ಲಿ ನೂರಡಿ ರಸ್ತೆಗೆ ಸಮೀಪದ ಬೀದಿಯೊಂದರಲ್ಲಿ ವಾಸವಾಗಿರುವ ವೃದ್ಧೆಯೊಬ್ಬರು ಒಂದು ಸಂಜೆ ಕಾಗದವೊಂದನ್ನು ಹಿಡಿದು ನಮ್ಮ ಮನೆಗೆ ಬಂದರು. “ಇದರಲ್ಲಿ ಏನು ಬರೆದಿದ್ದಾರೆ, ಸ್ವಲ್ಪ ನೋಡಿ ಹೇಳಪ್ಪಾ” ಎಂದರು. ಅವರಿಗೆ ಓದು ಬಾರದೆಂದಲ್ಲ. ದಪ್ಪ ದಪ್ಪ ಕಾದಂಬರಿಗಳನ್ನು ಎರಡೇ ದಿನದಲ್ಲಿ ಓದಿ ಮುಗಿಸುವವರು. ಕುಟುಂಬ ಪಿಂಚಣಿಗಾಗಿ ಸಲ್ಲಿಸಿದ ಅರ್ಜಿಗೆ ಬಂದಿದ್ದ ಉತ್ತರವದು:

“ಸದರಿ ಅರ್ಜಿಯನ್ನು ಪರಿಶೀಲಿಸಲಾಗಿ, ಅಗತ್ಯ ದಾಖಲೆಗಳು ಲಗತ್ತಾಗಿರದ ಪ್ರಯುಕ್ತ, ಮುಂದಿನ ಕ್ರಮ ಕೈಗೊಳ್ಳಲು ಅವಕಾಶವಿರುವುದಿಲ್ಲವೆಂದು ತಿಳಿಯಪಡಿಸಲಾಗಿದೆ.”

ಯಾವ ದಾಖಲೆ? ಯಾರಲ್ಲಿಗೆ ಒಯ್ಯಬೇಕು? ಎಂದಿನೊಳಗೆ? ಎರಡು ಸಲ ಓದಿದರೂ ನನಗೂ ತಿಳಿಯಲಿಲ್ಲ. ಅಲೆದಾಡಿ ವಿಚಾರಿಸಿದ ಮೇಲೆ ತಿಳಿದದ್ದಿಷ್ಟು: ಬೇಕಾಗಿದ್ದುದು ಪತಿಯ ಮರಣ ಪ್ರಮಾಣಪತ್ರದ ಒಂದು ಪ್ರತಿ. ಅದು ಅವರ ಪೆಟ್ಟಿಗೆಯಲ್ಲಿಯೇ ಇದ್ದಿತು! ಒಂದು ವಾಕ್ಯದ ಅಸ್ಪಷ್ಟತೆಗೆ ಆ ತಾಯಿ ಮೂರು ತಿಂಗಳ ಜೀವನಾಂಶವನ್ನು ಕಾಯಬೇಕಾಯಿತು.

ಕನ್ನಡವು ರಾಜ್ಯದ ಆಡಳಿತ ಭಾಷೆಯೆಂದು ಶಾಸನವಾದದ್ದು 1963ರಲ್ಲಿ. ಜನರ ವ್ಯವಹಾರ ಜನರ ನುಡಿಯಲ್ಲಿಯೇ ನಡೆಯಬೇಕೆಂಬುದು ಅದರ ಆಶಯ. ಆದರೆ ಇಂಗ್ಲಿಷಿನ ಕಟ್ಟಡವನ್ನು ಹಾಗೆಯೇ ಉಳಿಸಿಕೊಂಡು ಕನ್ನಡದ ಹಂಚು ಹೊದಿಸಿದರೆ ಒಳಗಿನ ಕತ್ತಲು ಹೋದೀತೆ?

ಕಚೇರಿಯ ಬರವಣಿಗೆ ನಮ್ಮ ನಾಡಿಗೆ ಹೊಸದಲ್ಲ. ‘ಕಡತ’ವೆಂಬ ಮಾತೇ ಸಾಕ್ಷಿ. ಬಟ್ಟೆಗೆ ಹುಣಿಸೆಬೀಜದ ಅಂಟನ್ನೂ ಇದ್ದಿಲ ಪುಡಿಯನ್ನೂ ಬಳಿದು, ಮಡಿಸಿ, ಬಳಪದಿಂದ ಲೆಕ್ಕಪತ್ರ ಬರೆಯುತ್ತಿದ್ದ ಪುಸ್ತಕವೇ ಕಡತ. ಶೃಂಗೇರಿ ಮಠದಲ್ಲಿ ಅಂಥವು ಇಂದಿಗೂ ಉಳಿದಿವೆ. ಹದಿನೇಳನೆಯ ಶತಮಾನದಲ್ಲಿ ಕೆಳದಿಯ ಶಿವಪ್ಪನಾಯಕನು ಜಮೀನುಗಳನ್ನು ಐದು ವರ್ಗಗಳಾಗಿ ವಿಂಗಡಿಸಿ ಕಂದಾಯ ಗೊತ್ತುಪಡಿಸಿದ ಏರ್ಪಾಡಿಗೆ ‘ಶಿಸ್ತು’ ಎಂದೇ ಹೆಸರು. ಬರವಣಿಗೆಗೂ ಬೇಕಾದದ್ದು ಅದೇ ಶಿಸ್ತು.

1923ರಲ್ಲಿ ಭದ್ರಾವತಿಯ ಕಬ್ಬಿಣದ ಕಾರ್ಖಾನೆಯ ಆಡಳಿತ ಮಂಡಲಿಯ ಅಧ್ಯಕ್ಷತೆ ವಹಿಸಿದ ವಿಶ್ವೇಶ್ವರಯ್ಯನವರು ತಮ್ಮ ಬರಹಗಳನ್ನು ಮತ್ತೆ ಮತ್ತೆ ತಿದ್ದುತ್ತಿದ್ದರೆಂಬುದು ಪ್ರಸಿದ್ಧವಾದ ಸಂಗತಿ. ಅಂಥವರಿಗೇ ತಿದ್ದುವುದು ಅಗತ್ಯವಾಗಿದ್ದಮೇಲೆ ಉಳಿದವರ ಮಾತೇನು?

ಕಚೇರಿಗೆ ಹೊಸದಾಗಿ ಸೇರಿದ ತರುಣ ತರುಣಿಯರು ನೆನಪಿಡಬೇಕಾದ ಸೂತ್ರಗಳು ಹೆಚ್ಚೇನಿಲ್ಲ. ಮುಖ್ಯವಾದ ಮಾತು ಮೊದಲ ವಾಕ್ಯದಲ್ಲಿಯೇ ಬರಲಿ. ಒಂದು ವಾಕ್ಯಕ್ಕೆ ಒಂದೇ ವಿಷಯವಿರಲಿ. ‘ಮಾಡಲಾಗಿದೆ’ ಎಂಬುದರ ಹಿಂದೆ ಅಡಗದೆ, ಮಾಡಿದವರು ಯಾರೆಂದು ಹೇಳಿ. ‘ಶೀಘ್ರದಲ್ಲಿ’ ಎನ್ನುವ ಬದಲು ತಾರೀಖನ್ನು ಬರೆಯಿರಿ. ಹಳೆಯ ಪತ್ರದ ನಕಲು ತೆಗೆದು ಹೆಸರು ಮಾತ್ರ ಬದಲಿಸುವ ಅಭ್ಯಾಸ ಬೇಡ. ಕೊನೆಗೆ, ರುಜುವಿಗೆ ಕಳುಹಿಸುವ ಮುನ್ನ ಒಮ್ಮೆ ಗಟ್ಟಿಯಾಗಿ ಓದಿ. ನಾಲಗೆ ತೊಡರಿದ ಕಡೆ ಓದುವವರ ಬುದ್ಧಿಯೂ ತೊಡರುತ್ತದೆ.

ಆ ಕಾಗದವನ್ನು ಹೀಗೆ ಬರೆಯಬಹುದಾಗಿತ್ತು: “ನಿಮ್ಮ ಅರ್ಜಿಯೊಡನೆ ಪತಿಯವರ ಮರಣ ಪ್ರಮಾಣಪತ್ರದ ಪ್ರತಿ ಇಲ್ಲ. ದಯವಿಟ್ಟು ಅದನ್ನು ಇದೇ ತಿಂಗಳ 20ರೊಳಗೆ ನಮ್ಮ ಕಚೇರಿಯ ಪಿಂಚಣಿ ಶಾಖೆಗೆ ತಲುಪಿಸಿರಿ. ಅದು ಬಂದೊಡನೆ ಅರ್ಜಿಯನ್ನು ಮುಂದುವರಿಸುತ್ತೇವೆ.”

ಇದರಲ್ಲಿ ಪಾಂಡಿತ್ಯವಿಲ್ಲ, ನಿಜ. ಆದರೆ ಕಾಗದದ ಆ ತುದಿಯಲ್ಲಿ ಒಬ್ಬ ಮನುಷ್ಯರಿದ್ದಾರೆಂಬ ಅರಿವಿದೆ. ಮೇಜಿನ ಮೇಲಿನ ಕಡತಕ್ಕೆ ಸಂಖ್ಯೆಯೊಂದೇ ಇರಬಹುದು. ಬಾಗಿಲಲ್ಲಿ ಅಂಚೆಯವನಿಗಾಗಿ ಕಾಯುವವರಿಗೆ ಹಸಿವೂ ಇದೆ, ಮಾನವೂ ಇದೆ.