ಸ್ಯಾಕ್ಸೊಫೋನು ಕುಣಿಸಿದ ಕಾಲ

ಕದ್ರಿ ಗೋಪಾಲನಾಥರು ಕರ್ನಾಟಕ ಸಂಗೀತವನ್ನು ನುಡಿಸುತ್ತಿದ್ದ ಸ್ಯಾಕ್ಸೊಫೋನನ್ನು ನೀವು ಕೇಳಿರಬಹುದು. ಅದೇ ವಾದ್ಯವು ಅಮೆರಿಕದ ಕಪ್ಪುಜನರ ನೃತ್ಯಶಾಲೆಗಳಲ್ಲಿ ಗರ್ಜಿಸಿದ ಕಾಲವೊಂದಿತ್ತು. ಅಡಾಲ್ಫ್ ಸ್ಯಾಕ್ಸ್ ಎಂಬವರು 1846ರಲ್ಲಿ ಪ್ಯಾರಿಸಿನಲ್ಲಿ ಹಕ್ಕುಪತ್ರ ಪಡೆದ ಈ ವಾದ್ಯದ ಒಡಲು ಹಿತ್ತಾಳೆಯದು. ನಾದ ಹುಟ್ಟುವುದು ಮಾತ್ರ ಬಾಯಿಗಿಡುವ ಜೊಂಡಿನ ತೆಳುಸೀಳಿನ ಕಂಪನದಿಂದ.

1942ರಲ್ಲಿ ಲಯನೆಲ್ ಹ್ಯಾಂಪ್ಟನ್ನರ ವಾದ್ಯವೃಂದದಲ್ಲಿದ್ದ ಇಲಿನಾಯ್ ಜಕೆಟ್ಟರು ‘ಫ್ಲೈಯಿಂಗ್ ಹೋಮ್’ ಎಂಬ ಕೃತಿಯಲ್ಲಿ ಒಂದೇ ಸ್ವರವನ್ನು ಮತ್ತೆಮತ್ತೆ ಊದಿ ಕೇಳುಗರನ್ನು ಮೈಮರೆಸಿದರು. ಮಹಾಯುದ್ಧದ ತರುವಾಯ ದೊಡ್ಡ ವೃಂದಗಳನ್ನು ಸಾಕುವುದು ದುಸ್ಸಾಧ್ಯವಾಯಿತು. ಉಳಿದವು ಐದಾರು ಜನರ ಮೇಳಗಳು. ಅನೇಕರ ಕೆಲಸವನ್ನು ಒಂದು ಸ್ಯಾಕ್ಸೊಫೋನೇ ಮಾಡಬೇಕಾಯಿತು. ಅದು ಕಿರುಚಿತು, ಗುಡುಗಿತು, ಜನರನ್ನು ಕುಣಿಸಿತು. ಬಿಗ್ ಜೇ ಮೆಕ್‌ನೀಲಿಯವರಂತೂ ನೆಲದ ಮೇಲೆ ಅಂಗಾತ ಮಲಗಿ ಊದುತ್ತಿದ್ದರು! ಇದು ಬರಿಯ ಗದ್ದಲವೆಂದು ಜರೆದ ವಿಮರ್ಶಕರುಂಟು. ನನಗೆ ಹಾಗೆ ತೋರುವುದಿಲ್ಲ; ದುಡಿದು ದಣಿದವರ ಕಾಲುಗಳನ್ನು ಎಬ್ಬಿಸಲು ಅಂಥ ದನಿಯೇ ಬೇಕಿತ್ತು.

‘ಜನಾಂಗದ ಮುದ್ರಿಕೆಗಳು’ ಎಂದು ಬೇರೆಯಾಗಿಟ್ಟಿದ್ದ ಈ ಸಂಗೀತದ ಪಟ್ಟಿಗೆ ‘ಬಿಲ್‌ಬೋರ್ಡ್’ ಪತ್ರಿಕೆಯು 1949ರಲ್ಲಿ ‘ರಿದಮ್ ಅಂಡ್ ಬ್ಲೂಸ್’ ಎಂಬ ಹೆಸರನ್ನಿತ್ತಿತು. ರಾಕ್ ಸಂಗೀತ ಹುಟ್ಟಿದುದು ಇದರ ಮಡಿಲಿನಲ್ಲಿಯೇ. 1958ರ ‘ಯಾಕೆಟಿ ಯಾಕ್’ ಹಾಡಿನಲ್ಲಿ ಕಿಂಗ್ ಕರ್ಟಿಸರ ಸ್ಯಾಕ್ಸೊಫೋನು ಹಾಡುಗಾರರೊಡನೆ ವಾಗ್ವಾದಕ್ಕಿಳಿದಂತೆ ಕೇಳಿಸುತ್ತದೆ. 1960ರ ದಶಕದಲ್ಲಿ ವಿದ್ಯುತ್ ಗಿಟಾರು ಮುಂದಿನ ಸಾಲಿಗೆ ಬಂದು ನಿಂತಿತು.