ಎಳೆದರೆ ಬೆಳಕು ಬದಲಿಸುವ ಪ್ಲಾಸ್ಟಿಕ್

ಹೋದ ತಿಂಗಳು ನಮ್ಮ ಬಾವಿಯ ನೈಲಾನ್ ಹಗ್ಗ ಪಟಕ್ಕನೆ ಹರಿದು ಕೊಡ ನೀರಿಗೆ ಬಿತ್ತು. ಸೇದುತ್ತಿದ್ದ ಅಕ್ಕ ಹಿಂದಕ್ಕೆ ಬಿದ್ದು ಮೊಣಕೈ ತರಚಿಕೊಂಡಳು. ಹರಿಯೋಕೆ ಮುಂಚೆ ಹಗ್ಗ ಒಂದು ಸೂಚನೆ ಕೊಡಬಾರದಿತ್ತೇ ಅಂತ ವಿಜ್ಞಾನ ಮೇಷ್ಟ್ರನ್ನು ಕೇಳಿದೆ. "ಸೂಚನೆ ಕೊಡೋ ಪ್ಲಾಸ್ಟಿಕ್ ಇದೆ ಕಣೋ" ಅಂದರು!

ಪ್ಲಾಸ್ಟಿಕ್ ಎಂದರೆ ಪಾಲಿಮರ್, ಸರಪಳಿಯಂಥ ಉದ್ದುದ್ದ ಅಣುಗಳು. 2002ರಲ್ಲಿ ಅಮೆರಿಕದ ಓಹಾಯೋದಲ್ಲಿದ್ದ ಕ್ರಿಸ್ಟೋಫ್ ವೆಡರ್ ಮತ್ತು ಜೊತೆಗಾರರು ಪಾಲಿಥೀನಿಗೆ ಚೂರೇ ಚೂರು ಹೊಳೆಯುವ ಬಣ್ಣ ಬೆರೆಸಿದರು. ಬಣ್ಣದ ಅಣುಗಳು ಅದರೊಳಗೆ ಗುಂಪುಗೂಡುತ್ತವೆ. ಆಗ ನೇರಳಾತೀತ ದೀಪ (ಖೋಟಾ ನೋಟು ಪತ್ತೆಗೆ ಹಿಡಿಯುವಂಥದ್ದು) ಹಿಡಿದರೆ ಕಿತ್ತಳೆ ಬೆಳಕು. ಹಾಳೆಯನ್ನು ಜಗ್ಗಿದರೆ ಸರಪಳಿಗಳು ಸಾಲಾಗುತ್ತವೆ, ಗುಂಪು ಚದುರುತ್ತದೆ. ಬೆಲ್ ಹೊಡೆದ ಮೇಲೆ ಬಾಗಿಲಲ್ಲಿ ಮುತ್ತಿದ ನಮ್ಮನ್ನು ಪಿ.ಟಿ. ಮೇಷ್ಟ್ರು ಎಳೆದೆಳೆದು ಸಾಲು ಮಾಡಿಸ್ತಾರಲ್ಲ, ಹಾಗೇ. ಒಂಟಿಯಾದ ಅಣು ಸೂಸುವುದು ಹಸಿರು ಬೆಳಕು! ಎಲ್ಲಿ ಹಸಿರೋ ಅಲ್ಲಿ ಪ್ಲಾಸ್ಟಿಕ್ ಜಗ್ಗಿದೆ ಎಂದರ್ಥ.

ಆದರೆ ನೋಡಲು ದೀಪ ಬೇಕು, ಬಟಾಬಯಲ ಬಿಸಿಲಲ್ಲಿ ಸರಿಯಾಗಿ ಕಾಣದು. ನಮ್ಮೂರ ಸಂತೆಯಲ್ಲಂತೂ ಇಂಥ ಹಗ್ಗ ಸಿಗಲ್ಲ. ಅಪ್ಪ ಈಗ ಹೊಸ ಹಗ್ಗವನ್ನು ದಿನಾ ಬೆಳಿಗ್ಗೆ ಕೈಯಲ್ಲಿ ಸವರಿ ನೋಡ್ತಾರೆ, ಎಲ್ಲಾದರೂ ಎಳೆ ಬಿಟ್ಟಿದೆಯಾ ಅಂತ.