ಜೋಡುಕರೆಯ ಹೆಸರುಗಳು

ಮೂಡುಬಿದಿರೆಯ ಕಡಲಕೆರೆಯಲ್ಲಿ ಕಂಬಳದ ಕೋಣಗಳು ಓಡುವ ಕರೆ ಎರಡು: ಒಂದು ಕೋಟಿ, ಇನ್ನೊಂದು ಚೆನ್ನಯ. ಬೆಳ್ತಂಗಡಿ ತಾಲ್ಲೂಕಿನ ವೇಣೂರು-ಪೆರ್ಮುಡದಲ್ಲಿ ಸೂರ್ಯ-ಚಂದ್ರ. ಬಂಟ್ವಾಳದ ಕಡೆ ಬಂದರೆ ಹೊಕ್ಕಾಡಿಗೋಳಿಯಲ್ಲಿ ವೀರ-ವಿಕ್ರಮ, ಕಕ್ಯಪದವಿನಲ್ಲಿ ಸತ್ಯ-ಧರ್ಮ. ಕಣ್ಣು ಮಿಟುಕಿಸುವಷ್ಟರಲ್ಲಿ ಸೋಲು-ಗೆಲುವು ತೀರ್ಮಾನವಾಗುವ ಈ ಕರೆಗಳಿಗೆ ರಾಮ-ರಾವಣ ಎಂದು ಹೆಸರಿಟ್ಟವರನ್ನು ನಾನು ಕಂಡಿಲ್ಲ. ಪೈಪೋಟಿ ಎಷ್ಟೇ ಇರಲಿ, ಹೆಸರು ಮಾತ್ರ ಒಡಹುಟ್ಟಿದವರದ್ದು, ಒಟ್ಟಿಗಿರಬೇಕಾದವರದ್ದು. ತುಳುನಾಡಿನಲ್ಲಿ 'ಜೋಡು' ಎಂದರೆ ಬರಿಯ ಎರಡಲ್ಲ.

ಜೋಡುಕರೆಯಲ್ಲಿ ಜೋಡಿ ಎರಡು ಬಗೆಯದು. ಅಕ್ಕಪಕ್ಕದ ಕರೆಗಳಲ್ಲಿ ಓಡುವ ಎರಡು ಜತೆಗಳದ್ದು ಒಂದು. ಒಂದೇ ನೊಗದಡಿಯ ಎರಡು ಕೋಣಗಳದ್ದು ಇನ್ನೊಂದು. ಓಟ ಶುರುವಾಗುವ ಗಂತಿನಲ್ಲಿ ಬಿಟ್ಟ ಕ್ಷಣದಿಂದ ಓಟ ಮುಗಿಯುವ ಮಂಜೊಟ್ಟಿ ಮುಟ್ಟುವವರೆಗೆ ಒಂದು ಕೋಣ ಮುನ್ನುಗ್ಗಿ ಇನ್ನೊಂದು ಹಿಂದೆಬಿದ್ದರೆ ನೊಗ ವಾರೆಯಾಗಿ ಓಟವೇ ಕೆಡುತ್ತದೆ. ಪಕ್ಕದ ಕರೆಯವರನ್ನು ಸೋಲಿಸುವ ಮೊದಲು ನೊಗದ ಇಬ್ಬರೂ ಒಂದಾಗಬೇಕು. 2020ರ ಐಕಳ ಕಂಬಳದಲ್ಲಿ ಮೂಡುಬಿದಿರೆ ಬಳಿಯ ಅಶ್ವತ್ಥಪುರದ ಶ್ರೀನಿವಾಸ ಗೌಡರು ಕೋಣಗಳ ಹಿಂದೆ 142.5 ಮೀಟರನ್ನು 13.62 ಸೆಕೆಂಡಿನಲ್ಲಿ ಓಡಿದಾಗ ದೇಶವೆಲ್ಲ ಅವರನ್ನು ಉಸೇನ್ ಬೋಲ್ಟ್‌ಗೆ ಹೋಲಿಸಿತು. ಅವರು ಶ್ರೇಯ ಕೊಟ್ಟದ್ದು ತಮ್ಮ ಕೋಣಗಳಿಗೆ. ಇನ್ನು ಕಂಬಳದ ಕನೆ ಹಲಗೆ ವಿಭಾಗದಲ್ಲಂತೂ ಪಕ್ಕದ ಕರೆಯ ಹಂಗೇ ಇಲ್ಲ. ಹಲಗೆಯಡಿಯಿಂದ ಚಿಮ್ಮಿದ ನೀರು ಆರೂವರೆ ಕೋಲು ಎತ್ತರದ ನಿಶಾನೆ ಮುಟ್ಟಿತೇ ಎಂಬುದಷ್ಟೇ ಲೆಕ್ಕ.

ಕೆಸರುಗದ್ದೆಗೆ ಕೋಟಿ-ಚೆನ್ನಯರ ಹೆಸರು ಒಪ್ಪುತ್ತದೆ. ದೇಯಿ ಬೈದೆತಿಯ ಈ ಅವಳಿ ಮಕ್ಕಳು ಪಾಡ್ದನದಲ್ಲಿ ಬೇಸಾಯಗಾರರು. ಅರಸನ ಮಂತ್ರಿ ಬುದ್ಯಂತನೊಡನೆ ಅವರ ವೈರ ಹೊತ್ತಿಕೊಂಡದ್ದು ಗದ್ದೆಯ ವಿಷಯದಲ್ಲೇ. ಎಣ್ಮೂರಿನ ಕಾಳಗದಲ್ಲಿ ಕೋಟಿ ಮಡಿದ ಮೇಲೆ ಚೆನ್ನಯ ಬದುಕಿ ಉಳಿಯಲಿಲ್ಲ. ಅವರ ಗುಡಿಗಳಾದ ಗರಡಿಗಳಲ್ಲಿ ಆರಾಧನೆ ಇಬ್ಬರಿಗೂ ಒಟ್ಟಿಗೇ.

ಹೆಸರಿನಲ್ಲಿ ಜೋಡು ಇದ್ದರೂ ಯಕ್ಷಗಾನದ ಜೋಡಾಟದ ಜಾಯಮಾನ ಬೇರೆ. ಎರಡು ಮೇಳ, ಅಕ್ಕಪಕ್ಕ ಎರಡು ರಂಗಸ್ಥಳ, ಒಂದೇ ಪ್ರಸಂಗ. ಚೆಂಡೆಗೆ ಚೆಂಡೆ, ವೇಷಕ್ಕೆ ವೇಷ ಜಿದ್ದಿಗೆ ಬೀಳುತ್ತವೆ. ಆ ಅಬ್ಬರದಲ್ಲಿ ಅರ್ಥಗಾರಿಕೆ ಮುಳುಗಿಹೋಗುವುದು ನನಗೆ ನೋವಿನ ಸಂಗತಿ. ಎರಡೂ ಮೇಳದವರು ಒಂದೇ ರಂಗಸ್ಥಳ ಹತ್ತಿದರೆ ಅದು ಕೂಡಾಟ. ನನ್ನ ಒಲವು ಅದರ ಕಡೆಗೆ.

ಬಂಟ್ವಾಳದಲ್ಲಿ ಊರೊಂದರ ಹೆಸರಿನಲ್ಲೇ ಈ ಜೋಡು ಇದೆ. ಬಿ.ಸಿ. ರೋಡಿನ ಹಳೆಯ ಹೆಸರು ಜೋಡುಮಾರ್ಗ. ಮಂಗಳೂರಿನಿಂದ ಬಂದ ಹೆದ್ದಾರಿ ಅಲ್ಲಿ ಕವಲಾಗಿ ಒಂದು ಶಿರಾಡಿಗೆ, ಇನ್ನೊಂದು ಬೆಳ್ತಂಗಡಿ ದಾಟಿ ಚಾರ್ಮಾಡಿಗೆ ಏರುತ್ತದೆ. ಅಂಚೆ ವಿಳಾಸದಲ್ಲಿ ಆ ಹೆಸರು ಇನ್ನೂ ಇದೆ. ಬಸ್ಸಿನ ಬೋರ್ಡುಗಳ ಮೇಲೂ ಅದನ್ನು ಬರೆಸಬೇಕು.